ಕಿಡ್ನಿ ಬದಲಾಯಿಸಿದವರ ಬೆನ್ನಿನ ಮೇಲೊಂದು ಗುಳ್ಳೆ

ಬುಧವಾರ ರಾತ್ರಿ ಇಶಾ ನಮಾಝ್ ಮುಗಿಸಿ ಬಂದ ಮಾಮ ಅಂಗಿ ತೆಗೆಯುವಾಗ, "ಬೆನ್ನಿನ ಎಡಬದಿ ಉರಿಯುತ್ತಾ ಉಂಟು, ಎಂಥದೋ ಕಚ್ಚಿರಬೇಕು" ಅಂದರಂತೆ. ಮಾಮಿ ಟಾರ್ಚ್ ಹಿಡಿದು ನೋಡಿದರೆ ಏನೂ ಕಾಣಲಿಲ್ಲ. ಗುರುವಾರ ಆ ಜಾಗ ಕೆಂಪಾಯಿತು. ಶುಕ್ರವಾರ ಜುಮಾಕ್ಕೆ ಹೊರಡುವ ಹೊತ್ತಿಗೆ ಬೆನ್ನಿನಿಂದ ಪಕ್ಕೆಲುಬಿನ ಕಡೆಗೆ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಎದ್ದಿದ್ದವು. ಪಕ್ಕದ ಮನೆಯವರು ನೋಡಿದ ಕೂಡಲೇ ಹೇಳಿದರು, "ಇದು ಸರ್ಪಸುತ್ತು. ಗರಿಕೆ ಅರೆದು ಹಚ್ಚಿ. ತಲೆ ಬಾಲ ಸೇರುವ ಮೊದಲು ಕಡಿಮೆ ಆಗಬೇಕು." ಇನ್ನೊಬ್ಬರು ಓದಿ ಊದಿದ ಎಣ್ಣೆ ತಂದುಕೊಟ್ಟರು. ಮೆಡಿಕಲ್ ಶಾಪಿನ ಹುಡುಗ ಒಂದು ಟ್ಯೂಬ್ ಕೊಟ್ಟ. ಹೀಗೆ ಶನಿವಾರ ಕಳೆಯಿತು, ಭಾನುವಾರ ಡಾಕ್ಟರ್ ಇರುವುದಿಲ್ಲ ಎಂದು ಅದೂ ಕಳೆಯಿತು. ಸೋಮವಾರ ಆಸ್ಪತ್ರೆಗೆ ಮುಟ್ಟಿದಾಗ ಎದೆ, ಹೊಟ್ಟೆ, ತೋಳಿನ ಮೇಲೂ ಬಿಡಿ ಬಿಡಿ ಗುಳ್ಳೆಗಳಿದ್ದವು, ಜ್ವರವೂ ಇತ್ತು. ಡಾಕ್ಟರು ಮೊದಲು ಕೇಳಿದ ಪ್ರಶ್ನೆ: "ಕಿಡ್ನಿ ಹಾಕಿಸಿಕೊಂಡು ಐದು ವರ್ಷ ಆಯಿತಲ್ಲ, ನಿಮಗೆ ಕೊಟ್ಟ ನಂಬರಿಗೆ ಒಂದು ಫೋನ್ ಯಾಕೆ ಮಾಡಲಿಲ್ಲ?"

ಮಾಮನ ಉತ್ತರ ಸರಳವಾಗಿತ್ತು. "ಇದು ಚರ್ಮದ್ದಲ್ವಾ, ಕಿಡ್ನಿಯದ್ದಲ್ಲ ಅಂತ."

ಈ ಒಂದು ವಾಕ್ಯಕ್ಕಾಗಿಯೇ ಈ ಬರಹ. ನಮ್ಮ ಜಮಾಅತ್‌ಗಳಲ್ಲಿ ಈಗ ಡಯಾಲಿಸಿಸ್‌ಗೆ ಹೋಗುವವರು ಇದ್ದಾರೆ, ಕಿಡ್ನಿ ಕಸಿ ಮಾಡಿಸಿಕೊಂಡವರೂ ಇದ್ದಾರೆ. ಕೊಟ್ಟವರು ಹೆಚ್ಚಾಗಿ ಮನೆಯ ಹೆಂಗಸರೇ, ಉಮ್ಮ ಅಥವಾ ಹೆಂಡತಿ. ಆಪರೇಷನ್‌ಗೆ ಜಾಗ ಮಾರಿ, ಸಾಲ ಮಾಡಿ, ಊರವರು ಕೈಜೋಡಿಸಿ ಹಣ ಕೂಡಿಸುತ್ತೇವೆ. ಆಪರೇಷನ್ ಆಯಿತು, ಅಲ್ಹಮ್ದುಲಿಲ್ಲಾಹ್, ಇನ್ನು ಗುಳಿಗೆ ತಿಂದರೆ ಸಾಕು ಎಂದುಕೊಳ್ಳುತ್ತೇವೆ. ಆ ಗುಳಿಗೆ ದೇಹದೊಳಗೆ ಏನು ಮಾಡುತ್ತದೆ, ಅದರಿಂದ ಚರ್ಮದ ಮೇಲೆ ಏನೇನು ಏಳಬಹುದು ಎಂಬುದನ್ನು ಮನೆಯವರೆಲ್ಲ ಕುಳಿತು ಕೇಳಿಸಿಕೊಂಡದ್ದು ಕಡಿಮೆ.

ಕಾವಲು ಸಡಿಲಿಸುವ ಗುಳಿಗೆ

ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದು 1954ರ ಡಿಸೆಂಬರ್ 23ರಂದು, ಅಮೆರಿಕದ ಬೋಸ್ಟನ್‌ನಲ್ಲಿ. ಡಾಕ್ಟರ್ ಜೋಸೆಫ್ ಮರ್ರೆ ಮತ್ತು ಸಂಗಡಿಗರು ರೊನಾಲ್ಡ್ ಹೆರಿಕ್ ಎಂಬವರ ಕಿಡ್ನಿಯನ್ನು ಅವರ ಅವಳಿ ಸಹೋದರ ರಿಚರ್ಡ್‌ಗೆ ಜೋಡಿಸಿದರು. ಇಬ್ಬರೂ ಒಂದೇ ರೂಪದ ಅವಳಿಗಳು. ಹಾಗಾಗಿ ರಿಚರ್ಡ್‌ನ ದೇಹಕ್ಕೆ ಆ ಕಿಡ್ನಿ ಪರರದ್ದು ಅನ್ನಿಸಲೇ ಇಲ್ಲ. ನಮ್ಮ ನಿಮ್ಮಂಥವರಿಗೆ ಆ ಸೌಲಭ್ಯ ಇಲ್ಲ. ಉಮ್ಮನ ಕಿಡ್ನಿಯೇ ಆದರೂ ದೇಹದ ಕಾವಲುಗಾರರು ಅದನ್ನು ಹೊರಗಿನದ್ದು ಎಂದು ಗುರುತು ಹಿಡಿದು ದಾಳಿ ಮಾಡುತ್ತಾರೆ. ಆ ಕಾವಲುಗಾರರ ಕೈ ಸ್ವಲ್ಪ ಸಡಿಲಿಸಲಿಕ್ಕೆ ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೊರಿನ್, ಮೈಕೊಫಿನೊಲೇಟ್ ಅಥವಾ ಅಜಾಥಿಯೋಪ್ರಿನ್, ಜೊತೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಹೀಗೆ ಎರಡು ಮೂರು ಔಷಧ ಸೇರಿಸಿ ಕೊಡುತ್ತಾರೆ. ಕಿಡ್ನಿ ಒಳಗೆ ಇರುವಷ್ಟು ಕಾಲವೂ ಇದನ್ನು ತಿನ್ನಬೇಕು.

ತೊಂದರೆ ಏನೆಂದರೆ, ಈ ಕಾವಲುಗಾರರು ಕಿಡ್ನಿಯನ್ನು ಮಾತ್ರ ನೋಡಿಕೊಂಡು ಕೂತವರಲ್ಲ. ವೈರಸ್, ಫಂಗಸ್, ಬ್ಯಾಕ್ಟೀರಿಯಾ ಎಲ್ಲವನ್ನೂ ತಡೆಯುವವರು ಅವರೇ. ಕೆಟ್ಟುಹೋದ ಜೀವಕೋಶ ಕ್ಯಾನ್ಸರ್ ಆಗುವ ಮೊದಲೇ ಹಿಡಿದು ಹಾಕುವವರೂ ಅವರೇ. ಕಾವಲು ಸಡಿಲವಾದರೆ ಅದರ ಮೊದಲ ಗುರುತು ಎಷ್ಟೋ ಸಲ ಕಾಣುವುದು ಚರ್ಮದ ಮೇಲೆ. ಒಂದು ರೀತಿಯಲ್ಲಿ ಇದು ಒಳ್ಳೆಯದೇ. ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ಆಗುವುದು ಕಣ್ಣಿಗೆ ಕಾಣುವುದಿಲ್ಲ, ಚರ್ಮದ್ದು ಕಾಣುತ್ತದೆ. ಆದರೆ ಕಂಡದ್ದನ್ನು ಹೇಳುವವರು ಬೇಕು.

ಸರ್ಪಸುತ್ತು ಅಂದರೆ ಹಳೆಯ ಕೋಟ್ಲೆ

ಸರ್ಪಸುತ್ತಿಗೂ ಸರ್ಪಕ್ಕೂ ಯಾವ ಸಂಬಂಧವೂ ಇಲ್ಲ. ಅದು ನಾವು ಸಣ್ಣದಿರುವಾಗ ಬಂದ ಕೋಟ್ಲೆಯ ವೈರಸ್. ಕೋಟ್ಲೆ ಒಣಗಿ ಮಗು ಮಿಂದು ಶಾಲೆಗೆ ಹೋದ ಮೇಲೂ ಆ ವೈರಸ್ ದೇಹ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರದ ಗಂಟುಗಳಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ವಯಸ್ಸಾದಾಗಲೋ ನಿರೋಧಕ ಶಕ್ತಿ ಕುಗ್ಗಿದಾಗಲೋ ಎದ್ದು, ಅದೇ ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ಹಾಗಾಗಿಯೇ ಗುಳ್ಳೆಗಳು ಒಂದು ಬದಿಯಲ್ಲಿ ಪಟ್ಟಿಯಂತೆ ಏಳುತ್ತವೆ, ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಉರಿ, ಚುಚ್ಚಿದ ಹಾಗೆ ನೋವು ಶುರುವಾಗುತ್ತದೆ. ಮಾಮನಿಗೆ ಬುಧವಾರ ರಾತ್ರಿ "ಏನೋ ಕಚ್ಚಿದ" ಹಾಗೆ ಆದದ್ದು ಇದೇ.

ತಲೆ ಬಾಲ ಸೇರಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ಮಾತು ನಮ್ಮೂರಲ್ಲಿ ಎಲ್ಲ ಜಾತಿ ಧರ್ಮದವರ ಬಾಯಲ್ಲೂ ಉಂಟು. ನರ ಅರ್ಧ ಸುತ್ತಿಗೆ ನಿಲ್ಲುವುದರಿಂದ ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ ಒಂದೇ ಬದಿಗೆ ನಿಲ್ಲುತ್ತದೆ, ಸೇರುವ ಪ್ರಶ್ನೆ ಬರುವುದಿಲ್ಲ. ಆದರೆ ಕಸಿ ಮಾಡಿಸಿಕೊಂಡವರಲ್ಲಿ ಭಯಪಡಬೇಕಾದ ಸಂಗತಿ ಬೇರೆಯೇ ಇದೆ. ವೈರಸ್ ಆ ಒಂದು ಪಟ್ಟಿಗೆ ನಿಲ್ಲದೆ ರಕ್ತಕ್ಕೆ ಸೇರಿ ಮೈಯೆಲ್ಲ ಗುಳ್ಳೆ ಎಬ್ಬಿಸಬಹುದು, ಶ್ವಾಸಕೋಶ, ಲಿವರ್, ಮೆದುಳನ್ನೂ ಮುಟ್ಟಬಹುದು. ಮಾಮನ ಎದೆ ಮತ್ತು ತೋಳಿನ ಮೇಲೆ ಬಿಡಿ ಗುಳ್ಳೆ ನೋಡಿ ಡಾಕ್ಟರರ ಮುಖ ಗಂಭೀರವಾದದ್ದು ಅದಕ್ಕೆ. ಅವತ್ತೇ ಅಡ್ಮಿಟ್ ಮಾಡಿ ರಕ್ತನಾಳಕ್ಕೆ ಅಸೈಕ್ಲೋವಿರ್ ಶುರು ಮಾಡಿದರು.

ಈ ರೋಗಕ್ಕೆ ಔಷಧ ಉಂಟು ಎಂಬುದೇ ಬಹಳ ಜನಕ್ಕೆ ಗೊತ್ತಿಲ್ಲ. ಅಸೈಕ್ಲೋವಿರ್, ವಾಲಾಸೈಕ್ಲೋವಿರ್ ಎಂಬ ಗುಳಿಗೆಗಳು ವೈರಸ್ ಬೆಳೆಯುವುದನ್ನು ತಡೆಯುತ್ತವೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಪ್ರಯೋಜನ. ಕಸಿಯಾದವರಿಗೆ ಮೂರು ದಿನ ದಾಟಿದ್ದರೂ ಕೊಡುತ್ತಾರೆ, ಆದರೆ ಕಾದಷ್ಟು ನಷ್ಟ. ಹಾಗೆಂದು ಹಳೆ ಚೀಟಿ ತೋರಿಸಿ ಗುಳಿಗೆ ತಂದು ತಿನ್ನುವ ಹಾಗಿಲ್ಲ. ಈ ಔಷಧ ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕವೇ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಲೆಕ್ಕ ಹಾಕಿ ಡೋಸ್ ಕಡಿಮೆ ಮಾಡಬೇಕಾಗುತ್ತದೆ, ನೀರೂ ಸರಿಯಾಗಿ ಕುಡಿಯಬೇಕಾಗುತ್ತದೆ. ಇಲ್ಲವಾದರೆ ಔಷಧವೇ ಕಿಡ್ನಿಗೆ ಏಟು ಕೊಡಬಹುದು, ತಲೆ ಗೊಂದಲ ಆಗಬಹುದು.

ಮೆಡಿಕಲ್ ಶಾಪಿನವನು ಕೊಟ್ಟ ಟ್ಯೂಬ್ ಕೂಡ ಅಸೈಕ್ಲೋವಿರ್‌ದ್ದೇ ಆಗಿತ್ತು. ಆದರೆ ಸರ್ಪಸುತ್ತಿಗೆ ಮುಲಾಮು ಹಚ್ಚಿ ಪ್ರಯೋಜನ ಇಲ್ಲ, ವೈರಸ್ ಇರುವುದು ನರದ ಒಳಗೆ. ಮೂರು ದಿನ ಹೋದದ್ದು ಈ ಟ್ಯೂಬಿನ ಧೈರ್ಯದಲ್ಲಿ. ಗರಿಕೆಯ ಪೇಸ್ಟ್‌ನಿಂದ ಆದ ತೊಂದರೆ ಇನ್ನೊಂದು: ಒಡೆದ ಗುಳ್ಳೆಗಳಲ್ಲಿ ಕೀವು ಕಟ್ಟಿತು. ನಿರೋಧಕ ಶಕ್ತಿ ಇಲ್ಲದವರ ತೆರೆದ ಗಾಯಕ್ಕೆ ತೋಟದ ಮಣ್ಣಿನಿಂದ ಕಿತ್ತ ಎಲೆ ಅರೆದು ಹಚ್ಚುವುದು ಹಗುರ ವಿಷಯ ಅಲ್ಲ. ದುಆ ಮಾಡಿಸುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಎಣ್ಣೆಯನ್ನು ಗುಳ್ಳೆಗೆ ಹಚ್ಚಬೇಡಿ, ಆಸ್ಪತ್ರೆಗೆ ಹೋಗುವುದನ್ನು ಅದಕ್ಕಾಗಿ ಮುಂದೂಡಬೇಡಿ, ಅಷ್ಟೇ.

ಇನ್ನೊಂದು ಜಾಗವನ್ನು ವಿಶೇಷವಾಗಿ ನೆನಪಿಡಬೇಕು. ಗುಳ್ಳೆ ಹಣೆಯಲ್ಲಿ, ಕಣ್ಣಿನ ರೆಪ್ಪೆಯಲ್ಲಿ, ಮೂಗಿನ ತುದಿಯಲ್ಲಿ ಎದ್ದರೆ ಕಣ್ಣಿಗೂ ತಗಲಿರುವ ಸಾಧ್ಯತೆ ಹೆಚ್ಚು. ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಬೇಕು, ತಡವಾದರೆ ದೃಷ್ಟಿ ಹೋಗಬಹುದು.

ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ನೋವು ಉಳಿಯುವುದುಂಟು. ಮಾಮನಿಗೆ ಉಳಿದಿದೆ. ಅಂಗಿಯ ಬಟ್ಟೆ ತಾಗಿದರೂ ಕೆಂಡ ಇಟ್ಟ ಹಾಗೆ ಆಗುತ್ತದೆ ಎನ್ನುತ್ತಾರೆ. ನರದ ನೋವಿಗೆ ಬೇರೆ ಗುಳಿಗೆ ಉಂಟು. ಸಾಮಾನ್ಯವಾಗಿ ನಾವು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯ ನೋವಿನ ಗುಳಿಗೆ ಮಾತ್ರ ಕಸಿಯಾದವರ ಕಿಡ್ನಿಗೆ ಆಗಿಬರುವುದಿಲ್ಲ.

ಮನೆಯಲ್ಲಿ ಮಗುವಿಗೆ ಕೋಟ್ಲೆ ಬಂದರೆ

ನಮ್ಮ ಮನೆಗಳಲ್ಲಿ ಇದು ದೊಡ್ಡ ಪ್ರಶ್ನೆ. ಒಂದೇ ಸೂರಿನಡಿ ಮೂರು ತಲೆಮಾರು, ಪೆರ್ನಾಲ್‌ಗೆ, ಮದುವೆಗೆ ಹತ್ತಿಪ್ಪತ್ತು ಮಕ್ಕಳು. ಯಾರೋ ಒಂದು ಮಗುವಿನ ಮೈಯಲ್ಲಿ ಎರಡು ಗುಳ್ಳೆ ಇರುತ್ತದೆ, ಸೊಳ್ಳೆ ಕಚ್ಚಿದ್ದು ಅಂದುಕೊಳ್ಳುತ್ತಾರೆ. ಕೋಟ್ಲೆ ಗಾಳಿಯಲ್ಲೇ ಹರಡುತ್ತದೆ, ಗುಳ್ಳೆ ಏಳುವ ಒಂದೆರಡು ದಿನ ಮೊದಲಿಂದಲೇ ಹರಡುತ್ತದೆ. ಕಸಿ ಮಾಡಿಸಿಕೊಂಡವರಿಗೆ ಸಣ್ಣದಿರುವಾಗ ಕೋಟ್ಲೆ ಬಂದಿರದಿದ್ದರೆ, ಲಸಿಕೆಯೂ ಆಗಿರದಿದ್ದರೆ, ಈಗ ಬರುವ ಕೋಟ್ಲೆ ಮಕ್ಕಳ ಕೋಟ್ಲೆಯ ಹಾಗೆ ಇರುವುದಿಲ್ಲ. ಜೀವಕ್ಕೇ ಅಪಾಯ ತರಬಹುದು.

ಹಾಗೆ ಒಟ್ಟಿಗೆ ಇದ್ದದ್ದು ಗೊತ್ತಾದರೆ ಗುಳ್ಳೆ ಏಳಲಿ ಎಂದು ಕಾಯಬಾರದು. ಅದೇ ದಿನ ಕಸಿ ವೈದ್ಯರಿಗೆ ಫೋನ್ ಮಾಡಬೇಕು. ಇಮ್ಯುನೊಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯದ ಇಂಜೆಕ್ಷನ್ ಉಂಟು. ಮೊದಲ ನಾಲ್ಕು ದಿನದೊಳಗೆ ಕೊಟ್ಟರೆ ಉತ್ತಮ, ಹತ್ತು ದಿನದವರೆಗೂ ಕೊಡುವುದುಂಟು. ಅದು ಸಿಗದಿದ್ದರೆ ವೈರಸ್ ವಿರೋಧಿ ಗುಳಿಗೆ ಮೊದಲೇ ಶುರು ಮಾಡುತ್ತಾರೆ. ಯಾವುದು ಬೇಕು ಎಂದು ಅವರೇ ನಿರ್ಧರಿಸುತ್ತಾರೆ.

ತಿರುಗಾಮುರುಗಾ ಕೂಡ ಯೋಚಿಸಬೇಕು. ಸರ್ಪಸುತ್ತು ಬಂದವರಿಂದ ಸರ್ಪಸುತ್ತು ಅಂಟುವುದಿಲ್ಲ, ಆದರೆ ಕೋಟ್ಲೆ ಬಾರದವರಿಗೆ ಅವರ ಗುಳ್ಳೆಯಿಂದ ಕೋಟ್ಲೆ ಅಂಟಬಹುದು. ಎಳೆ ಮಗು, ಗರ್ಭಿಣಿ ಸೊಸೆ ಮನೆಯಲ್ಲಿದ್ದರೆ ಗುಳ್ಳೆ ಒಣಗಿ ಹೊಪ್ಪಳೆ ಕಟ್ಟುವವರೆಗೆ ಸ್ವಲ್ಪ ದೂರ ಇರುವುದು ಒಳ್ಳೆಯದು. ಆಸ್ಪತ್ರೆಯಿಂದ ಬಂದ ಮಾಮನನ್ನು ನೋಡಲಿಕ್ಕೆ ಅವತ್ತು ಸಂಜೆಯೇ ಎರಡು ರಿಕ್ಷಾದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಂದವರಿದ್ದರು. ರೋಗಿಯನ್ನು ಭೇಟಿ ಮಾಡುವುದು ಸುನ್ನತ್, ಹೌದು. ಫೋನ್ ಮಾಡಿ ಕೇಳಿ ಬಂದರೂ ಸುನ್ನತ್ ಕೆಡುವುದಿಲ್ಲ.

ಲಸಿಕೆಯ ವಿಷಯವನ್ನು ಆಪರೇಷನ್‌ಗೆ ಮೊದಲೇ ಮಾತಾಡಿಕೊಳ್ಳಬೇಕು. ಕೋಟ್ಲೆಯ ಲಸಿಕೆಯಲ್ಲಿ ಇರುವುದು ಶಕ್ತಿ ಕುಂದಿಸಿದ ಜೀವಂತ ವೈರಸ್. ಕಸಿಯಾದ ಮೇಲೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಕೊಡುವುದಾದರೆ ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮೊದಲು ಆಗಬೇಕು. ಡಯಾಲಿಸಿಸ್‌ನಲ್ಲಿ ಇರುವವರ ಮನೆಯವರು ಇದನ್ನು ಈಗಲೇ ಕೇಳಿಡಿ. ಮನೆಯ ಮಕ್ಕಳಿಗೆ ಆ ಲಸಿಕೆ ಹಾಕಿಸುವುದಕ್ಕೆ ತಡೆ ಇಲ್ಲ, ಹಾಕಿಸಿದರೆ ರೋಗಿಗೂ ಅದು ಒಂದು ಬೇಲಿ. ಸರ್ಪಸುತ್ತಿಗೆಂದೇ ಬೇರೆ ಲಸಿಕೆ ಉಂಟು, ಶಿಂಗ್ರಿಕ್ಸ್ ಎಂದು, ಭಾರತದಲ್ಲಿ 2023ರಿಂದ ಸಿಗುತ್ತಿದೆ. ಅದರಲ್ಲಿ ಜೀವಂತ ವೈರಸ್ ಇಲ್ಲ. ಎರಡು ಡೋಸ್, ಬೆಲೆ ಕೈ ಸುಡುವಷ್ಟು. ನಿಮಗೆ ಬೇಕಾ, ಯಾವಾಗ ಬೇಕು ಎಂದು ಕಸಿ ವೈದ್ಯರನ್ನೇ ಕೇಳಿ.

ಟ್ಯೂಬು, ಕರಿಜೀರಿಗೆ, ಚಕ್ಕೋತ

ಭಾರತದಲ್ಲಿ ಕಿಡ್ನಿ ಕಸಿಯಾದವರ ಚರ್ಮ ಪರೀಕ್ಷೆ ಮಾಡಿದ ವೈದ್ಯರು ಹೆಚ್ಚಾಗಿ ಕಂಡದ್ದು ಫಂಗಸ್‌ನ ತೊಂದರೆ. ಎದೆ ಬೆನ್ನಿನ ಮೇಲೆ ಬಿಳಿ ಕಂದು ಮಚ್ಚೆ, ತೊಡೆ ಸಂದಿಯಲ್ಲಿ ಉಂಗುರದ ಹಾಗೆ ಹರಡುವ ಗಜಕರ್ಣ, ಉಗುರು ಹಳದಿಯಾಗಿ ಪುಡಿಯಾಗುವುದು. ನಮ್ಮ ಕರಾವಳಿಯ ಬೆವರಿಗೆ ಇದು ಎಲ್ಲರಿಗೂ ಬರುವಂಥದ್ದೇ. ಮೆಡಿಕಲ್ ಶಾಪಿನ ಮೂರು ನಾಲ್ಕು ಔಷಧ ಬೆರೆಸಿದ ಟ್ಯೂಬ್ ಹಚ್ಚಿದರೆ ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ. ನಿಲ್ಲಿಸುವುದು ಅದರೊಳಗಿನ ಸ್ಟೀರಾಯ್ಡ್. ಅಷ್ಟರಲ್ಲಿ ಫಂಗಸ್ ಅಡಿಯಲ್ಲಿ ಹಾಯಾಗಿ ಬೆಳೆಯುತ್ತದೆ. 2018ರಲ್ಲಿ ಕೇಂದ್ರ ಸರಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಮಾಡಿತು. ಅಂಗಡಿಯಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಟ್ಯೂಬಿಗಿಂತ ದೊಡ್ಡ ಅಪಾಯ ಫಂಗಸ್‌ನ ಗುಳಿಗೆಯದ್ದು. ಫ್ಲುಕೊನಜೋಲ್, ಇಟ್ರಾಕೊನಜೋಲ್ ಎಂಬವು ಮನೆಮನೆಯಲ್ಲಿ ಪರಿಚಿತ. ಟ್ಯಾಕ್ರೋಲಿಮಸ್, ಸೈಕ್ಲೋಸ್ಪೊರಿನ್ ಕರಗಿ ಹೋಗುವುದು ಲಿವರ್‌ನಲ್ಲಿ. ಆ ಕೆಲಸವನ್ನು ಈ ಗುಳಿಗೆಗಳು ತಡೆಯುತ್ತವೆ. ಆಗ ರಕ್ತದಲ್ಲಿ ಕಸಿಯ ಔಷಧದ ಮಟ್ಟ ಏರುತ್ತದೆ, ಕೈ ನಡುಗುತ್ತದೆ, ಕ್ರಿಯಾಟಿನಿನ್ ಏರುತ್ತದೆ. ಕೆಲವು ಆಂಟಿಬಯಾಟಿಕ್‌ಗಳೂ, ಉದಾಹರಣೆಗೆ ಕ್ಲಾರಿತ್ರೊಮೈಸಿನ್, ಹೀಗೆಯೇ ಮಾಡುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧ, ಮಟ್ಟ ಇಳಿಸುತ್ತದೆ. ಮಟ್ಟ ಇಳಿದರೆ ದೇಹ ಕಿಡ್ನಿಯನ್ನು ತಿರಸ್ಕರಿಸಬಹುದು. ಹಾಗಾಗಿ ಸ್ಕಿನ್ ಡಾಕ್ಟರಿಗೆ ತೋರಿಸುವಾಗ "ತುರಿಕೆ" ಎಂದಷ್ಟೇ ಹೇಳಿ ಚೀಟಿ ತರಬೇಡಿ. ಕಸಿಯ ಫೈಲ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಚಕ್ಕೋತ ಹಣ್ಣಿನ ರಸವೂ ಟ್ಯಾಕ್ರೋಲಿಮಸ್ ಮಟ್ಟ ಏರಿಸಿದ್ದು ವರದಿಯಾಗಿದೆ. ನಮ್ಮ ಹಿತ್ತಿಲಲ್ಲಿ ಬೆಳೆಯುವ ಹಣ್ಣು, ಯಾರಾದರೂ ಪ್ರೀತಿಯಿಂದ ಬಿಡಿಸಿ ಕೊಡುತ್ತಾರೆ. ಬೇಡ ಎನ್ನಲಿಕ್ಕೆ ಕಲಿಯಬೇಕು. ಕರಿಜೀರಿಗೆಯ ವಿಷಯದಲ್ಲಿ ಮಾತಾಡಲಿಕ್ಕೆ ನನಗೂ ಸ್ವಲ್ಪ ಅಳುಕು ಉಂಟು, ಅದರ ಬಗ್ಗೆ ಹದೀಸ್ ಇರುವುದು ಎಲ್ಲರಿಗೂ ಗೊತ್ತು. ಅಡುಗೆಗೆ ನಾಲ್ಕು ಕಾಳು ಹಾಕುವುದು ಒಂದು, ಎಣ್ಣೆಯೋ ಕ್ಯಾಪ್ಸೂಲೋ ದಿನವೂ ಔಷಧವಾಗಿ ಸೇವಿಸುವುದು ಇನ್ನೊಂದು. ಎರಡನೆಯದ್ದನ್ನು ಡಾಕ್ಟರಿಗೆ ಮುಚ್ಚಿಡಬಾರದು. ಗಲ್ಫ್‌ನಿಂದ ಬರುವ ಬಾಟಲಿಗಳಿಗೂ, ಆಯುರ್ವೇದ, ಯುನಾನಿ ಲೇಹ್ಯಗಳಿಗೂ ಇದೇ ಮಾತು.

ಮುಚ್ಚಿಟ್ಟುಕೊಳ್ಳುವಂಥವು

ಇನ್ನು ಕೆಲವು ತೊಂದರೆಗಳು ನೋವು ಕೊಡುವುದಿಲ್ಲ, ನಾಚಿಕೆ ಕೊಡುತ್ತವೆ. ನರಹುಲಿ ಅದರಲ್ಲೊಂದು. ಎಚ್‌ಪಿವಿ ಎಂಬ ವೈರಸ್‌ನಿಂದ ಬರುತ್ತದೆ. ಕಸಿಯಾಗಿ ವರ್ಷಗಳು ಕಳೆದ ಹಾಗೆ ಬೆರಳು, ಪಾದ, ಮುಖದಲ್ಲಿ ಹೆಚ್ಚುತ್ತಾ ಹೋಗುತ್ತದೆ, ಸುಟ್ಟರೂ ಮತ್ತೆ ಬರುತ್ತದೆ. ಗುಪ್ತಾಂಗದ ಸುತ್ತ ಎದ್ದರೆ ಗಂಡ ಹೆಂಡತಿಗೂ ಹೇಳುವುದಿಲ್ಲ, ಹೆಂಡತಿ ಯಾರಿಗೂ ಹೇಳುವುದಿಲ್ಲ. ಹೇಳಲೇಬೇಕು. ಆ ವೈರಸ್‌ನ ಕೆಲವು ವಿಧಗಳು ಅಲ್ಲಿ ಕ್ಯಾನ್ಸರ್‌ಗೆ ದಾರಿ ಮಾಡುತ್ತವೆ. ಮಹಿಳೆಯರಿಗೆ ಗರ್ಭಕೊರಳಿನ ಪರೀಕ್ಷೆ ಇದಕ್ಕೇ. ಮಹಿಳಾ ವೈದ್ಯರೇ ಬೇಕು ಎಂದು ಕೇಳುವುದರಲ್ಲಿ ತಪ್ಪಿಲ್ಲ. ಮುಚ್ಚಿಟ್ಟುಕೊಂಡು ಕೂರುವುದು ತಪ್ಪು.

ಕಸಿಯಾದ ಮೊದಲ ತಿಂಗಳುಗಳಲ್ಲಿ ತುಟಿಯಲ್ಲಿ, ಕೆಳಭಾಗದಲ್ಲಿ ಹರ್ಪಿಸ್ ಹುಣ್ಣು ಬರುವುದುಂಟು. ನಮಗೆಲ್ಲ ಒಂದು ವಾರದಲ್ಲಿ ಒಣಗುವಂಥದ್ದು ಅವರಲ್ಲಿ ಒಣಗದೆ ಅಗಲವಾಗುತ್ತಾ ಹೋಗುತ್ತದೆ. ಅದಕ್ಕೂ ಗುಳಿಗೆ ಉಂಟು.

ನನಗೆ ಇದೆಲ್ಲಕ್ಕಿಂತ ಹೆಚ್ಚು ಸಂಕಟ ಕೊಡುವ ಸಂಗತಿ ವೈರಸ್‌ನದ್ದಲ್ಲ, ಗುಳಿಗೆಯದ್ದೇ. ಪ್ರೆಡ್ನಿಸೊಲೋನ್‌ನಿಂದ ಮುಖ ಚಂದ್ರನ ಹಾಗೆ ಊದಿಕೊಳ್ಳುತ್ತದೆ, ಮೊಡವೆ ಏಳುತ್ತದೆ. ಸೈಕ್ಲೋಸ್ಪೊರಿನ್‌ನಿಂದ ಮುಖ, ಕೈಗಳಲ್ಲಿ ಕೂದಲು ಬೆಳೆಯುತ್ತದೆ, ಒಸಡು ದಪ್ಪವಾಗುತ್ತದೆ. ಇಪ್ಪತ್ತರ ಹರೆಯದ ಹೆಣ್ಣುಮಗಳಿಗೆ ಇದು ಎಂಥ ಕಷ್ಟ ಎಂದು ಯೋಚಿಸಿ. ಮದುವೆ ಮನೆಯಲ್ಲಿ ಯಾರೋ, "ಎಂಥ, ಮೀಸೆ ಬಂತಾ?" ಎಂದು ನಗುತ್ತಾರೆ. ಅವಳು ಮನೆಗೆ ಬಂದು ಯಾರಿಗೂ ಹೇಳದೆ ಗುಳಿಗೆ ಅರ್ಧ ಮಾಡುತ್ತಾಳೆ, ಆಮೇಲೆ ಬಿಡುತ್ತಾಳೆ. ಗುಳಿಗೆ ಬಿಟ್ಟರೆ ಕಿಡ್ನಿ ಹೋಗುತ್ತದೆ. ಉಮ್ಮ ಕೊಟ್ಟ ಕಿಡ್ನಿ ಒಂದು ತಮಾಷೆಗೆ ಹೋದ ಹಾಗೆ. ಟ್ಯಾಕ್ರೋಲಿಮಸ್‌ನಲ್ಲಿ ಈ ಕೂದಲಿನ ತೊಂದರೆ ಇಲ್ಲ. ಔಷಧ ಬದಲಿಸಲಿಕ್ಕೆ ಆಗುತ್ತದೆಯಾ ಎಂದು ಕೇಳಿದರೆ ವೈದ್ಯರು ನೋಡುತ್ತಾರೆ. ಸ್ಟೀರಾಯ್ಡ್‌ನ ಡೋಸ್ ಸಾಮಾನ್ಯವಾಗಿ ತಿಂಗಳು ಕಳೆದ ಹಾಗೆ ಇಳಿಸುತ್ತಾರೆ, ಮುಖದ ಊತವೂ ಇಳಿಯುತ್ತದೆ. ಕೇಳಬೇಕು, ಸ್ವಂತ ನಿರ್ಧಾರ ಮಾಡಬಾರದು.

ಬಿಸಿಲು ಮತ್ತು ಉಮ್ರಾ

ಬಿಳಿ ಚರ್ಮದವರ ದೇಶಗಳಲ್ಲಿ ಕಸಿಯಾದವರಿಗೆ ಚರ್ಮದ ಕ್ಯಾನ್ಸರ್ ಬಹಳ ಹೆಚ್ಚು. ನಮ್ಮ ಬಣ್ಣ ನಮ್ಮನ್ನು ಎಷ್ಟೋ ಕಾಯುತ್ತದೆ, ಭಾರತದಲ್ಲಿ ಅದು ವಿರಳ. ವಿರಳ ಅಂದರೆ ಇಲ್ಲ ಎಂದಲ್ಲ. ಬಿಸಿಲು, ಎಚ್‌ಪಿವಿ, ಕಾವಲು ಸಡಿಲಿಸುವ ಔಷಧ ಮೂರೂ ಸೇರಿದಾಗ ವಾಸಿಯಾಗದ ಹುಣ್ಣು, ಮುಟ್ಟಿದರೆ ರಕ್ತ ಬರುವ ಗಂಟು ಏಳಬಹುದು. ಅಜಾಥಿಯೋಪ್ರಿನ್ ತಿನ್ನುವವರ ಚರ್ಮಕ್ಕೆ ಬಿಸಿಲು ಇನ್ನೂ ಬೇಗ ತಾಗುತ್ತದೆ. ಮೀನಿನ ವ್ಯಾಪಾರ, ಕಟ್ಟಡದ ಕೆಲಸ ಮಾಡುವವರು ಉದ್ದ ತೋಳಿನ ಅಂಗಿ, ಅಗಲ ಅಂಚಿನ ಟೋಪಿ ಬಿಡಬಾರದು. ಉಮ್ರಾ, ಹಜ್ಜ್‌ಗೆ ಹೊರಟವರು ಮೊದಲು ಕಸಿ ವೈದ್ಯರ ಒಪ್ಪಿಗೆ ಪಡೆಯಲಿ. ಇಹ್ರಾಮ್‌ನಲ್ಲಿ ಗಂಡಸರು ತಲೆಗೆ ಬಟ್ಟೆ ಹಾಕುವ ಹಾಗಿಲ್ಲ, ಆದರೆ ಕೊಡೆ ಹಿಡಿಯಬಹುದು. ಸನ್‌ಸ್ಕ್ರೀನ್ ಹಚ್ಚುವುದಾದರೆ ಪರಿಮಳ ಇಲ್ಲದ್ದನ್ನು ಆರಿಸಿ.

ಸೌದಿಯ ಮಾತು ಬಂದ ಕಾರಣ ಇನ್ನೊಂದು ವಿಷಯ ಹೇಳಬೇಕು. ನಮ್ಮವರು ಎಷ್ಟೋ ಮಂದಿ ಅಲ್ಲಿ ಹತ್ತಿಪ್ಪತ್ತು ವರ್ಷ ದುಡಿದವರು. ರಿಯಾದ್‌ನ ವೈದ್ಯರು 1980ರ ದಶಕದಲ್ಲೇ ಗಮನಿಸಿದ್ದರು, ಅಲ್ಲಿ ಕಿಡ್ನಿ ಕಸಿಯಾದವರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಕಪೋಸಿ ಸಾರ್ಕೋಮ ಎಂದು. 1872ರಲ್ಲಿ ವಿಯೆನ್ನಾದ ಮೊರಿಟ್ಜ್ ಕಪೋಸಿ ಎಂಬ ವೈದ್ಯರು ವಿವರಿಸಿದ ರೋಗ ಇದು, ಅವರದೇ ಹೆಸರು. ಇದರ ಹಿಂದೆಯೂ ಒಂದು ವೈರಸ್ ಉಂಟು ಎಂದು ಗೊತ್ತಾದದ್ದು 1994ರಲ್ಲಿ. ಹರ್ಪಿಸ್ ಕುಟುಂಬದ ಎಂಟನೆಯದ್ದು, ಎಚ್‌ಎಚ್‌ವಿ-8. ಆಫ್ರಿಕ, ಮೆಡಿಟರೇನಿಯನ್, ಅರಬ್ ನಾಡುಗಳಲ್ಲಿ ಹೆಚ್ಚು, ನಮ್ಮಲ್ಲಿ ಕಡಿಮೆ. ಕಾಲಿನಲ್ಲಿ, ಪಾದದಲ್ಲಿ, ಕೆಲವೊಮ್ಮೆ ಬಾಯೊಳಗೆ ನೇರಳೆ ಕಂದು ಬಣ್ಣದ ಮಚ್ಚೆ. ತುರಿಕೆ ಇಲ್ಲ, ನೋವಿಲ್ಲ, ಹಾಗಾಗಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೆಚ್ಚಾಗಿ ಕಸಿಯಾದ ಮೊದಲ ಕೆಲವು ವರ್ಷಗಳಲ್ಲೇ ಕಾಣಿಸುತ್ತದೆ.

ಕ್ಯಾನ್ಸರ್ ಎಂದ ಕೂಡಲೇ ಕೈಚೆಲ್ಲುವಂಥದ್ದಲ್ಲ ಇದು. ಕಸಿಯ ಔಷಧ ಕಡಿಮೆ ಮಾಡಿದರೆ ಅಥವಾ ಬದಲಿಸಿದರೆ ಮಚ್ಚೆಗಳು ಮಾಯುವುದುಂಟು. ಇಟಲಿಯ ವೈದ್ಯರು 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇಂಥ 15 ಮಂದಿಗೆ ಸೈಕ್ಲೋಸ್ಪೊರಿನ್ ನಿಲ್ಲಿಸಿ ಸಿರೋಲಿಮಸ್ ಕೊಟ್ಟರು. ಮೂರು ತಿಂಗಳಲ್ಲಿ ಎಲ್ಲರ ಚರ್ಮದ ಮಚ್ಚೆಯೂ ಹೋಯಿತು, ಕಿಡ್ನಿಗೂ ತೊಂದರೆ ಆಗಲಿಲ್ಲ. ಸಮುದ್ರದ ನಡುವಿನ ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಸಿಕ್ಕಿದ ಔಷಧ ಅದು, ಸುಬ್‌ಹಾನಲ್ಲಾಹ್. ಆದರೆ ಆ ಬದಲಾವಣೆಯನ್ನು ಮಾಡಬೇಕಾದವರು ಕಸಿ ವೈದ್ಯರು, ಮಚ್ಚೆಯನ್ನು ತೋರಿಸಬೇಕಾದವರು ನಾವು.

ವುಝೂ ಮಾಡುವುದು ಹೇಗೆ?

ಆಸ್ಪತ್ರೆಯಲ್ಲಿ ಮಾಮ ಡಾಕ್ಟರಿಗಿಂತ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಗುಳ್ಳೆ ಬೆನ್ನಿನಲ್ಲಿದ್ದಾಗ ವುಝೂಗೆ ತೊಂದರೆ ಇರಲಿಲ್ಲ, ತೋಳಿಗೆ ಹರಡಿದ ಮೇಲೆ ಚಿಂತೆಯಾಯಿತು. ನಮ್ಮ ಶಾಫಿ ಮದ್‌ಹಬ್‌ನಲ್ಲಿ ದಾರಿ ಸ್ಪಷ್ಟ ಉಂಟು. ನೀರು ತಾಗಿದರೆ ಗಾಯಕ್ಕೆ ಹಾನಿ ಎಂದಾದರೆ ಆರೋಗ್ಯವಾಗಿರುವ ಭಾಗವನ್ನು ತೊಳೆದು, ಗಾಯದ ಭಾಗಕ್ಕೆ ಬದಲಾಗಿ ತಯಮ್ಮುಮ್ ಮಾಡುವುದು, ಬ್ಯಾಂಡೇಜ್ ಇದ್ದರೆ ಅದರ ಮೇಲೆ ಒದ್ದೆ ಕೈ ಸವರುವುದು. ವಿವರವನ್ನು ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ. ಜುಮಾಕ್ಕೆ ಹೋಗದಿರಲು ರೋಗಿಗೆ ವಿನಾಯಿತಿ ಉಂಟು ಎಂಬುದನ್ನೂ ಅವರೇ ಹೇಳುತ್ತಾರೆ. ಕಸಿಯ ಗುಳಿಗೆಗಳನ್ನು ಹೆಚ್ಚಾಗಿ ಹನ್ನೆರಡು ಗಂಟೆಗೊಮ್ಮೆ ತಿನ್ನುವುದರಿಂದ ರಮಳಾನಿನ ನೋಂಬಿನ ವಿಷಯ ಡಾಕ್ಟರು, ಉಸ್ತಾದ್ ಇಬ್ಬರನ್ನೂ ಕೇಳಿಯೇ ತೀರ್ಮಾನಿಸಬೇಕು.

ಮಾಮ ಹತ್ತು ದಿನಕ್ಕೆ ಮನೆಗೆ ಬಂದರು. ಕ್ರಿಯಾಟಿನಿನ್ ಸ್ವಲ್ಪ ಏರಿ ಮತ್ತೆ ಇಳಿಯಿತು. ಈಗ ಫ್ರಿಜ್ ಬಾಗಿಲಿನ ಮೇಲೆ ಕಸಿ ವಿಭಾಗದ ನಂಬರ್ ದೊಡ್ಡ ಅಕ್ಷರದಲ್ಲಿ ಅಂಟಿಸಿದ್ದಾರೆ. ಪ್ರತಿ ಶುಕ್ರವಾರ ಮೀಯುವ ಮೊದಲು ಮಾಮಿ ಅವರನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಬೆನ್ನು, ಕಿವಿಯ ಹಿಂದೆ, ಬೆರಳಿನ ಸಂದಿ, ಪಾದದ ಅಡಿ ಎಲ್ಲ ನೋಡುತ್ತಾರೆ. ಹೊಸ ಮಚ್ಚೆ ಕಂಡರೆ ಮೊಬೈಲ್‌ನಲ್ಲಿ ಫೋಟೊ ತೆಗೆದಿಡುತ್ತಾರೆ, ಮುಂದಿನ ವಾರ ಹೋಲಿಸಿ ನೋಡಲಿಕ್ಕೆ. ಮಾಮನಿಗೆ ಇದು ಕಿರಿಕಿರಿ. "ಸಣ್ಣ ಮಗುವಾ ನಾನು?" ಎಂದು ಗೊಣಗುತ್ತಾರೆ.

"ನಿಮ್ಮ ಮೈ ನಿಮ್ಮದೇ," ಅನ್ನುತ್ತಾರೆ ಮಾಮಿ. "ಒಳಗೆ ಇರುವುದು ನನ್ನ ಕಿಡ್ನಿ ಅಲ್ವಾ, ಅದಕ್ಕೆ ನೋಡುವುದು. ತಿರುಗಿ ನಿಲ್ಲಿ."